ಒಂದು ಕಿವಿಯ ವಜ್ರ

ಅತ್ತೆಯ ಕಿವಿಯಿಂದ ಆ ಓಲೆಗಳನ್ನು ಬಿಚ್ಚಿದವಳು ನಾನೇ. ಬೇರೆ ಯಾರಾದರೂ ಬಿಚ್ಚಿದ್ದರೆ ಆಮೇಲಿನದ್ದೆಲ್ಲ ನಡೆಯುತ್ತಲೇ ಇರಲಿಲ್ಲವೇನೋ. ಆದರೆ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಅವರ ಪಕ್ಕದಲ್ಲಿದ್ದವಳು ನಾನೊಬ್ಬಳೇ.

ಆ ದಿನ ಬೆಳಿಗ್ಗೆ ಅತ್ತೆ ಅಡುಗೆಮನೆಯಲ್ಲಿ ಹುರುಳಿಕಾಳು ಆರಿಸುತ್ತಾ ಕೂತಿದ್ದರು. ಮೊರ ಕೈಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬಲಗೈ ಏಳಲಿಲ್ಲ. ನಾನು ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಿದ್ದವಳು ಸದ್ದು ಕೇಳಿ ಓಡಿ ಬಂದೆ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. "ಅತ್ತೆ, ಏನಾಯ್ತು?" ಅಂದರೆ ಮಾತಿಲ್ಲ, ಗಂಟಲಿನಿಂದ ಬರೀ ಸದ್ದು. ನನ್ನ ಗಂಡ ಕಾರು ತೆಗೆದರು. ಜಯಲಕ್ಷ್ಮಿಪುರಂನ ನಮ್ಮ ಮನೆಯಿಂದ ಆಸ್ಪತ್ರೆ ದೂರವೇನಿಲ್ಲ. ಆದರೂ ಆ ದಾರಿ ಮುಗಿಯಲೇ ಇಲ್ಲ ಅನ್ನಿಸಿತ್ತು.

ಮೆದುಳಿನ ಸ್ಕ್ಯಾನ್ ಮಾಡಬೇಕು, ಮೈಮೇಲೆ ಒಂದು ಚೂರೂ ಲೋಹ ಇರಬಾರದು ಅಂದರು. ಗಂಡ ಕೆಳಗೆ ದುಡ್ಡು ಕಟ್ಟಲು ಹೋಗಿದ್ದರು. ನರ್ಸು ಓಲೆಯ ತಿರುಪು ತಿರುಗಿಸಿ ನೋಡಿ, "ಇದು ಬರಲ್ಲಮ್ಮ, ಕತ್ತರಿಸಬೇಕಾಗುತ್ತೆ" ಅಂದಳು. ಕಿವಿ ಹಾಲೆಗೆ ಕತ್ತರಿ ತಂದಾರು ಅಂತ ಹೆದರಿ ನಾನೇ ಸೋಪಿನ ನೀರು ಬಿಟ್ಟು ಮೆಲ್ಲಗೆ ತಿರುಗಿಸಿದೆ. ಎಡಗಡೆಯದು ಸುಲಭವಾಗಿ ಬಂತು. ಬಲಗಡೆಯದು ಕಾಡಿಸಿತು. ಎರಡನ್ನೂ ಕರ್ಚೀಫಿನಲ್ಲಿ ಗಂಟು ಕಟ್ಟಿ ಬ್ಯಾಗಿನೊಳಗೆ ಹಾಕಿಕೊಂಡೆ. ಅತ್ತೆ ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ಆ ಗಂಟು ಬ್ಯಾಗಿನಲ್ಲೇ ಇತ್ತು, ಬ್ಯಾಗು ನನ್ನ ತಲೆದಿಂಬಿನ ಕೆಳಗೆ ಇತ್ತು. ಮನೆಗೆ ಬಂದ ಮೇಲೆ ಅದನ್ನು ದೇವರ ಮನೆಯ ಬೀರುವಿನಲ್ಲಿಟ್ಟೆ.

ಏಳು ಕಲ್ಲಿನ ಓಲೆ ಅದು. ನಡುವೆ ಒಂದು ದೊಡ್ಡ ಕಲ್ಲು, ಸುತ್ತ ಆರು. ಅತ್ತೆಗೆ ಅವರ ತಾಯಿಯಿಂದ ಬಂದದ್ದು, ಆ ತಾಯಿಗೆ ಅವರ ತಾಯಿಯಿಂದ. "ಇದು ಬ್ಲೂ ಜಾಗರ್ ಕಣಮ್ಮ, ಈಗ ಎಲ್ಲಿ ಹುಡುಕಿದ್ರೂ ಸಿಗಲ್ಲ" ಅಂತ ಮನೆಗೆ ಬಂದ ಹೆಂಗಸರಿಗೆಲ್ಲ ಹೇಳುವರು. ಒಳಗೆ ನೀಲಿ ಹೊಳಪಿರುವ ಹಳೇ ವಜ್ರಕ್ಕೆ ನಮ್ಮ ಕಡೆಯವರು ಹಾಗನ್ನುತ್ತಾರೆ. ಮೊಮ್ಮಗಳ ಮದುವೆಗೆ ಈ ಓಲೆ ಅಂತ ಅತ್ತೆ ಮೊದಲೇ ಮಾತು ಕೊಟ್ಟಿದ್ದರು. ಮೊಮ್ಮಗಳು ಅಂದರೆ ನನ್ನ ನಾದಿನಿಯ ಮಗಳು. ನಾದಿನಿ ನನ್ನ ಗಂಡನ ತಂಗಿ, ಇರುವುದು ಸರಸ್ವತಿಪುರಂನಲ್ಲಿ. ಅತ್ತೆ ಹಾಸಿಗೆ ಹಿಡಿಯುವ ಹೊತ್ತಿಗೆ ಆ ಮದುವೆ ನಿಶ್ಚಯವಾಗಿತ್ತು.

ಅತ್ತೆ ಮನೆಗೆ ಬಂದ ಮೇಲೆ ಅವರ ಬಾಯಲ್ಲಿ ಉಳಿದದ್ದು ಎರಡೇ ಮಾತು. ಒಂದು "ಹೂಂ", ಇನ್ನೊಂದು "ನೀರು". ಊಟ ಬೇಕಾ ಅಂದರೂ ಹೂಂ, ಬೇಡವಾ ಅಂದರೂ ಹೂಂ. ನೀರು ಅಂದಾಗ ನೀರು ಕೊಟ್ಟರೆ ಕೆಲವು ಸಲ ಕುಡಿಯುವರು, ಕೆಲವು ಸಲ ಲೋಟವನ್ನೇ ತಳ್ಳುವರು. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಹೇಳಿದಳು: "ಅವರಿಗೆ ಎಲ್ಲ ಅರ್ಥ ಆಗುತ್ತೆ ಆಂಟಿ. ಹೇಳಬೇಕಾದ ಮಾತು ಮಾತ್ರ ಕೈಗೆ ಸಿಗ್ತಾ ಇಲ್ಲ."

ಒಂದು ದಿನ ನಾದಿನಿ ಬಂದು ಓಲೆ ಕೇಳಿದಳು. ತೊಳೆಸಿ, ತಿರುಪು ಸರಿಮಾಡಿಸಬೇಕು ಅಂದಳು. ನಾನು ಕರ್ಚೀಫಿನ ಗಂಟನ್ನು ಇದ್ದ ಹಾಗೇ ಅವಳ ಕೈಗೆ ಕೊಟ್ಟೆ. ಅವಳೇ ಬಿಚ್ಚಿ ನೋಡಿ, ಕಣ್ಣಿಗೊತ್ತಿಕೊಂಡು, ಪರ್ಸಿನೊಳಗಿಟ್ಟುಕೊಂಡು ಹೋದಳು.

ಎರಡು ದಿನ ಬಿಟ್ಟು ಮಧ್ಯಾಹ್ನ ಬಂದಳು. ಚಪ್ಪಲಿ ಬಿಚ್ಚದೆ ನಡುಮನೆಗೆ ಬಂದು ನಿಂತಳು. ನಾನು ಅತ್ತೆಗೆ ಗಂಜಿ ಕುಡಿಸುತ್ತಿದ್ದೆ. ನನ್ನ ಗಂಡ ಪೇಪರ್ ಓದುತ್ತಿದ್ದರು.

"ಅಣ್ಣ, ಒಂದು ಓಲೆಯಲ್ಲಿರೋದು ವಜ್ರ ಅಲ್ವಂತೆ."

"ಏನಂದೆ?"

"ಅಶೋಕ ರಸ್ತೆ ಅಂಗಡೀಲಿ ಮಿಷಿನ್ ಇಟ್ಟು ನೋಡಿದ್ರು. ಪೆನ್ನಿನ ಥರ ಇರುತ್ತೆ, ಕಲ್ಲಿಗೆ ಮುಟ್ಟಿಸಿದ್ರೆ ವಜ್ರ ಆದ್ರೆ ಕೂಗುತ್ತೆ. ಒಂದು ಓಲೆಯ ಏಳು ಕಲ್ಲಿಗೂ ಕೂಗ್ತು. ಇನ್ನೊಂದಕ್ಕೆ ಒಂದು ಕಲ್ಲಿಗೂ ಇಲ್ಲ. ಬೇರೆ ಅಂಗಡಿಗೂ ಹೋದೆ. ಅಲ್ಲೂ ಹಂಗೇ."

ಆಮೇಲೆ ನನ್ನ ಕಡೆ ತಿರುಗಿದಳು. "ಅತ್ತಿಗೆ, ಆಸ್ಪತ್ರೇಲಿ ಓಲೆ ಬಿಚ್ಚಿದ್ದು ಯಾರು?"

"ನಾನೇ."

"ಅಲ್ಲಿಂದ ಇಲ್ಲೀತನಕ ಯಾರ ಹತ್ತಿರ ಇತ್ತು?"

"ನನ್ನ ಹತ್ರ."

ಅಷ್ಟೇ ಕೇಳಿದ್ದು. ಅವಳು ಕಳ್ಳಿ ಅನ್ನಲಿಲ್ಲ, ಕದ್ದೆ ಅನ್ನಲಿಲ್ಲ. ಆದರೆ ಸುಮ್ಮನೆ ನೆನಪಾದವಳ ಹಾಗೆ, "ನಿಮ್ಮಣ್ಣ ಊರಲ್ಲಿ ಮಹಡಿ ಹಾಕಿಸ್ತಿದ್ದಾರಂತಲ್ಲ" ಅಂದಳು. ನನ್ನ ತವರು ತಿ. ನರಸೀಪುರದ ಕಡೆ. ಅಣ್ಣ ಕಬ್ಬು ಬೆಳೆದು, ಹಸು ಸಾಕಿ, ಇಷ್ಟಿಷ್ಟೇ ಕೂಡಿಟ್ಟು ಆ ವರ್ಷ ಹಳೇ ಮನೆಯ ಮೇಲೆ ಮಹಡಿ ಎಬ್ಬಿಸುತ್ತಿದ್ದ. ನನ್ನ ಕೈಯಲ್ಲಿದ್ದ ಚಮಚದಿಂದ ಗಂಜಿ ಅತ್ತೆಯ ಸೆರಗಿನ ಮೇಲೆ ಚೆಲ್ಲಿತು.

ನಾನು ಗಂಡನ ಮುಖ ನೋಡಿದೆ. ಅವರು ಪೇಪರ್ ಮಡಿಸುತ್ತಿದ್ದರು. ಒಂದು ಮಡಿಕೆ, ಅದರ ಮೇಲೆ ಇನ್ನೊಂದು. "ಮೊದಲು ಸರಿಯಾಗಿ ವಿಚಾರಿಸೋಣ" ಅಂದರು. ಯಾರನ್ನು ವಿಚಾರಿಸುವುದು ಅಂತ ಹೇಳಲಿಲ್ಲ.

ನಾನು ಕೇಳಿಕೊಂಡ ಮೇಲೆ ನಾದಿನಿ ಓಲೆಗಳನ್ನು ಆ ಒಂದು ಸಂಜೆಯ ಮಟ್ಟಿಗೆ ಬಿಟ್ಟುಹೋದಳು, ನನ್ನ ಕೈಗಲ್ಲ, ಅವಳ ಅಣ್ಣನ ಕೈಗೆ. ಬೇರೆ ಬೇರೆ ಪೊಟ್ಟಣ. ಸುಳ್ಳು ಕಲ್ಲಿನದಕ್ಕೆ ಅಂಗಡಿಯವರು ಕೆಂಪು ದಾರ ಕಟ್ಟಿದ್ದರು. ಮಿಷಿನ್ನಿಗೆ ಏನೋ ಆಗಿರಬೇಕು, ಹಳೇ ಕಲ್ಲು, ಒಳಗೆ ಎಣ್ಣೆ ಜಿಡ್ಡು ಕೂತಿರಬೇಕು, ಅದಕ್ಕೇ ಕೂಗಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮೊಬೈಲಿನಲ್ಲಿ ನಿಜವಾದ ವಜ್ರ ಗುರುತಿಸುವ ವಿಡಿಯೋ ಹುಡುಕಿದೆ. ಒಬ್ಬರು ಪೇಪರಿನ ಅಕ್ಷರದ ಮೇಲಿಡಿ, ಅಕ್ಷರ ಕಂಡರೆ ವಜ್ರವಲ್ಲ ಅಂದರು. ಆದರೆ ನಮ್ಮ ಓಲೆಯ ಹಿಂಬದಿ ಪೂರ್ತಿ ಚಿನ್ನದಿಂದ ಮುಚ್ಚಿದ್ದು, ಅಕ್ಷರ ಎಲ್ಲಿಂದ ಕಾಣಬೇಕು? ಇನ್ನೊಬ್ಬರು ನೀರಿನ ಹನಿ ಬಿಡಿ ಅಂದರು. ಬಿಟ್ಟೆ. ಎರಡರ ಮೇಲೂ ಹನಿ ಒಂದೇ ಥರ ಕೂತಿತು. ಸ್ವಲ್ಪ ಜೀವ ಬಂತು. ಮತ್ತೊಬ್ಬರು ಬಾಯಿಯ ಹಬೆ ಬಿಡಿ ಅಂದರು. ವಜ್ರವಾದರೆ ಹಬೆ ಕೂತ ತಕ್ಷಣ ಹೋಗುತ್ತೆ, ಬೇರೆ ಕಲ್ಲಾದರೆ ಮಂಜು ಕವಿದಂತೆ ನಿಲ್ಲುತ್ತೆ.

ಹೊಲಿಗೆ ಮಿಷಿನ್ನಿನ ದೀಪ ಹಾಕಿಕೊಂಡು ಒಂದನ್ನು ಬಾಯಿಯ ಹತ್ತಿರ ಹಿಡಿದು ಹಾ ಅಂದೆ. ಹಬೆ ಕೂತಿತು, ಹೋಯಿತು. ದಾರ ಕಟ್ಟಿದ್ದನ್ನು ಹಿಡಿದೆ. ಹಬೆ ಕೂತಿತು. ಅಲ್ಲೇ ಕೂತಿತು. ಸೆರಗಿನಲ್ಲಿ ಒರೆಸಿ ಮತ್ತೆ ಬಿಟ್ಟೆ. ಮತ್ತೆ. ಎಷ್ಟು ಸಲ ಬಿಟ್ಟೆನೋ, ಕಡೆಕಡೆಗೆ ತಲೆಸುತ್ತು ಬಂತು. ರವಿಕೆಯ ಅಳತೆ ಕೊಡಲು ಬಂದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, "ಏನ್ ಮಾಡ್ತಿದ್ದೀರಿ ಅಕ್ಕ?" ಅಂದಳು. ನಾನು ಓಲೆಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟೆ. ಹಾಗೆ ಬಚ್ಚಿಟ್ಟಾಗ ನಾನು ನಿಜವಾಗಿಯೂ ಕಳ್ಳಿಯ ಹಾಗೆ ಕಂಡಿರಬೇಕು.

ಮಾರನೆಯ ದಿನ ಗಂಡ ಅತ್ತೆಯ ಹಾಸಿಗೆಯ ಪಕ್ಕ ಕೂತರು. ನಾದಿನಿ ಕಾಲ ಬಳಿ. ನಾನು ಬಾಗಿಲಿಗೆ ಒರಗಿ ನಿಂತೆ.

"ಅವ್ವಾ, ಓಲೆ ಕಲ್ಲು ನೀನೇನಾದ್ರೂ ಬದಲಾಯಿಸಿದ್ಯಾ?"

"ಹೂಂ."

ನನ್ನ ಎದೆಯಿಂದ ಒಂದು ಬಂಡೆ ಇಳಿದ ಹಾಗಾಯಿತು. ಅಷ್ಟರಲ್ಲಿ ನಾದಿನಿ ಮುಂದೆ ಬಾಗಿ ಕೇಳಿದಳು: "ಅವ್ವಾ, ಅತ್ತಿಗೆ ಬದಲಾಯಿಸಿದ್ರಾ?"

"ಹೂಂ."

"ನೋಡಿದ್ಯಾ ಅಣ್ಣ?"

"ಅಲ್ಲ ಕಣಮ್ಮ," ಅಂದೆ ನಾನು, "ಮೊದಲನೇದಕ್ಕೂ ಹೂಂ ಅಂದ್ರಲ್ಲ."

"ಎರಡನೇದಕ್ಕೂ ಅಂದ್ರಲ್ಲ."

ಅತ್ತೆ ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡುತ್ತಾ ಅಳತೊಡಗಿದರು. ಕಣ್ಣೀರು ವಾರೆಯಾದ ತುಟಿಯ ಕಡೆ ಹರಿದು ಬಾಯೊಳಗೆ ಹೋಗುತ್ತಿತ್ತು. ನಾನು ಒರೆಸಲು ಹೋದರೆ ನಾದಿನಿ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ತಾನೇ ಒರೆಸಿದಳು.

ಆಮೇಲಿನ ದಿನಗಳಲ್ಲಿ ನಾನು ಸರಿಯಾಗಿ ಉಂಡದ್ದು, ಮಲಗಿದ್ದು ನೆನಪಿಲ್ಲ. ಹೊಲಿಯಲು ಕೂತರೆ ತೋಳನ್ನು ತಿರುಗಾಮುರುಗಾ ಜೋಡಿಸುತ್ತಿದ್ದೆ. ಅತ್ತೆಯ ಮೈ ಒರೆಸುವಾಗ, ಬಟ್ಟೆ ಬದಲಾಯಿಸುವಾಗ ಅವರ ಬರಿಗಿವಿಯ ತೂತು ಕಂಡರೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದೆ. "ಅತ್ತೆ, ಒಂದೇ ಒಂದು ಮಾತು ಹೇಳಿ. ನಾನಲ್ಲ ಅಂತ ಹೇಳಿ" ಅಂತ ಒಬ್ಬಳೇ ಇದ್ದಾಗ ಅವರ ಕೈ ಹಿಡಿದು ಬೇಡುತ್ತಿದ್ದೆ. ಅವರು ಹೂಂ ಅನ್ನುವರು. ಆ ಹೂಂ ಕೇಳಿ ಕೇಳಿ ಒಂದು ದಿನ ನನಗೆ ಅವರ ಬಾಯಿ ಮುಚ್ಚಿಬಿಡಬೇಕು ಅನ್ನಿಸಿತು. ಹೆದರಿ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ.

ಗಂಡ ಮಾತಾಡುತ್ತಿದ್ದರು. ಮಾತ್ರೆ ಬಂತಾ, ಹಾಲು ಬಂತಾ, ಗ್ಯಾಸ್ ಬುಕ್ ಮಾಡಿದ್ಯಾ. ಓಲೆಯ ಮಾತು ಮಾತ್ರ ಎತ್ತಲಿಲ್ಲ. ನಾನೇ ಒಂದು ಸಲ, "ರೀ, ನೀವೂ ನಾನೇ ತೆಗೆದೆ ಅಂದ್ಕೊಂಡಿದ್ದೀರಾ?" ಅಂದೆ. "ಈಗ ಅದೆಲ್ಲ ಯಾಕೆ, ಅವ್ವನ್ನ ನೋಡ್ಕೊ" ಅಂದರು.

ಆಣೆಯ ಮಾತು ಎತ್ತಿದ್ದು ನಾದಿನಿ. "ಬೆಟ್ಟಕ್ಕೆ ಬಂದು ಚಾಮುಂಡಿ ತಾಯಿ ಮುಂದೆ ಹೇಳ್ಬುಡ್ಲಿ, ನಾನು ಇನ್ನೊಂದು ಮಾತು ಆಡಲ್ಲ" ಅಂದಳಂತೆ ತನ್ನ ಅಣ್ಣನ ಹತ್ತಿರ ಫೋನಿನಲ್ಲಿ. ಗಂಡ ನನ್ನ ಮುಂದೆ ನಿಂತು, "ಹೋಗಿ ಬಂದ್ಬುಡೋಣ. ಒಂದು ಗಳಿಗೆ ಕೆಲಸ" ಅಂದರು. ನಾನು ಒಪ್ಪಿದೆ. ಆ ಹೊತ್ತಿಗೆ ಯಾರು ಏನು ಹೇಳಿದ್ದರೂ ಒಪ್ಪುತ್ತಿದ್ದೆ.

ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋದೆವು. ಸಾಲು ಉದ್ದಕ್ಕಿತ್ತು. ನಮ್ಮ ಮುಂದೆ ಹೊಸದಾಗಿ ಮದುವೆಯಾದ ಜೋಡಿ, ಹಿಂದೆ ಮಂಡಿ ನೋವಿಗೆ ಹರಕೆ ಹೊತ್ತ ಮುದುಕಿ. ಎಲ್ಲರೂ ಏನೋ ಕೇಳಲು ಬಂದವರು. ನಾನು ಮಾತ್ರ, ಕದ್ದವಳು ನಾನಲ್ಲ ಅಂತ ಹೇಳಲು ಬಂದವಳು. ದೇವಿಯ ಮುಂದೆ ನಿಲ್ಲಲು ಸಿಕ್ಕಿದ್ದು ಉಸಿರು ಬಿಡುವಷ್ಟು ಹೊತ್ತು. ಏನು ಹೇಳಿದೆನೋ ನನಗೇ ಗೊತ್ತಿಲ್ಲ. ಹೊರಗೆ ಬಂದ ಮೇಲೆ ನಾದಿನಿ ಪ್ರಾಕಾರದ ಒಂದು ಮೂಲೆಯಲ್ಲಿ ಕರ್ಪೂರ ಹಚ್ಚಿದಳು.

"ಇದನ್ನ ಕೈಯಲ್ಲಿ ಆರಿಸಿ ಹೇಳಿ ಅತ್ತಿಗೆ."

ನಾನು ಆರಿಸಿದೆ. "ನಾನು ಕಲ್ಲು ಮುಟ್ಟಿಲ್ಲ. ಮುಟ್ಟಿದ್ರೆ ನನ್ನ ಕಣ್ಣು ಹೋಗ್ಲಿ, ಕೈ ಸೇದಿಹೋಗ್ಲಿ" ಅಂದೆ.

"ಮಗನ ಮೇಲೆ ಆಣೆ ಇಡಿ."

ನಮಗಿರುವುದು ಒಬ್ಬನೇ ಮಗ. ಆಗ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದ. ಇದ್ಯಾವುದೂ ಅವನಿಗೆ ಗೊತ್ತಿರಲಿಲ್ಲ. ನಾನು ತಪ್ಪು ಮಾಡಿಲ್ಲ ಅನ್ನುವುದು ನನಗೆ ಗೊತ್ತು, ದೇವಿಗೂ ಗೊತ್ತು. ಆದರೂ ಅವನ ಹೆಸರನ್ನು ಆ ಹೊಗೆಯ ಮೇಲೆ ಹಿಡಿಯಲು ನನ್ನಿಂದ ಆಗಲಿಲ್ಲ.

"ಅವನ್ನ ಇದಕ್ಕೆ ತರಬೇಡ ಕಣಮ್ಮ. ನನ್ನ ಮೇಲೆ ಎಷ್ಟು ಬೇಕಾದ್ರೂ ಹಾಕ್ಕೊ."

ನಾದಿನಿ ಚಪ್ಪಲಿ ಬಿಟ್ಟ ಕಡೆ ನಡೆದಳು. ಅವಳ ಪಾಲಿಗೆ ಉತ್ತರ ಸಿಕ್ಕಿತ್ತು. ಕಾರಿನ ಹತ್ತಿರ ಬರುವಾಗ ಗಂಡ ಮೆಲ್ಲಗೆ, "ಅಂದ್ಬುಟ್ಟಿದ್ರೆ ಮುಗಿದೋಗ್ತಿತ್ತು. ತೆಗ್ದಿಲ್ಲ ಅಂದ್ಮೇಲೆ ಭಯ ಯಾಕೆ?" ಅಂದರು.

ನಾನು ಕಾರು ಹತ್ತಲಿಲ್ಲ. ಮೆಟ್ಟಿಲಿನ ದಾರಿ ಹಿಡಿದೆ. ಹತ್ತಿ ಬರುವವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಿದ್ದರು. ನಾನು ಅವರ ನಡುವೆ ಅಳುತ್ತಾ ಇಳಿದೆ. ಒಬ್ಬಾಕೆ, "ಯಾಕವ್ವ, ಮನೇಲಿ ಯಾರಾದ್ರೂ ಹೋದ್ರಾ?" ಅಂತ ಕೇಳಿದಳು. ಹೌದು ಅಂದೆ. ಕೆಳಗೆ ಬಂದು ಬಸ್ಸಿಗೆ ಕಾಯುತ್ತಾ ತವರಿಗೆ ಹೋಗಿಬಿಡಲೇ ಅಂತ ಯೋಚಿಸಿದೆ. ಹೋದರೆ ಕದ್ದು ಹೋದಳು ಅನ್ನುತ್ತಾರೆ. ಹೋಗದಿದ್ದರೆ ದಿನಾ ಅವರ ಮುಖ ನೋಡಬೇಕು. ಮೂರು ಗಂಟೆಗೆ ಅತ್ತೆಗೆ ಮಾತ್ರೆ ಕೊಡಬೇಕಿತ್ತು. ಜಯಲಕ್ಷ್ಮಿಪುರಂ ಬಸ್ಸು ಬಂತು, ಹತ್ತಿದೆ.

ಕಲ್ಲನ್ನು ಸರಿಯಾಗಿ ಓದಬಲ್ಲವರು ಯಾರಾದರೂ ಇದ್ದಾರಾ ಅಂತ ನನ್ನ ಹತ್ತಿರ ರವಿಕೆ ಹೊಲಿಸುವವರನ್ನೆಲ್ಲ ಕೇಳತೊಡಗಿದೆ. ಒಬ್ಬರು ದೇವರಾಜ ಮಾರುಕಟ್ಟೆಯ ಕಡೆ ಮಹಡಿ ಮೇಲೆ ರತ್ನ ಪರೀಕ್ಷೆ ಮಾಡುವ ಹೆಂಗಸೊಬ್ಬರಿದ್ದಾರೆ, ಅದನ್ನೇ ಓದಿದವರು, ವ್ಯಾಪಾರ ಮಾಡುವುದಿಲ್ಲ ಅಂದರು. ನಾದಿನಿಗೆ ಫೋನು ಮಾಡಿ, "ಓಲೆ ನೀನೇ ಹಿಡ್ಕೊಂಡು ಬಾ, ನಾನು ಮುಟ್ಟಲ್ಲ. ಆಕೆ ಏನಂತಾರೋ ನಿನ್ನ ಕಿವಿಯಿಂದಲೇ ಕೇಳು" ಅಂದೆ. ಬಂದಳು.

ಆಕೆ ಓಲೆಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಪಕ್ಕದ ಪರದೆಯ ಮೇಲೆ ತೋರಿಸಿದರು. ವಜ್ರದ ಮುಖಗಳು ಸೇರುವ ಗೆರೆಗಳು ಈಗ ತಾನೆ ಕತ್ತರಿಸಿದ ಕಾಗದದ ಅಂಚಿನ ಹಾಗೆ ಚೂಪಾಗಿದ್ದವು. ಇನ್ನೊಂದು ಓಲೆಯ ಗೆರೆಗಳು ಮೊಂಡಾಗಿ, ಅಲ್ಲಲ್ಲಿ ಚೂರು ಎದ್ದು, ಬಳಸಿ ಬಳಸಿ ಸವೆದ ಕತ್ತರಿಯ ಅಲಗಿನ ಹಾಗಿದ್ದವು.

"ಇದು ಬಿಳಿ ಜರ್ಕಾನ್," ಅಂದರು. "ಹೊಳಪು ಚೆನ್ನಾಗಿರುತ್ತೆ, ವಜ್ರ ಅಂತ ಕಣ್ಣು ಮೋಸ ಹೋಗುತ್ತೆ. ಆದರೆ ವಜ್ರ ಸವೆಯಲ್ಲ, ಇದು ಸವೆಯುತ್ತೆ. ಇಷ್ಟು ಸವೆದಿದೆ ಅಂದ್ರೆ ಇದು ಮೊನ್ನೆ ಮೊನ್ನೆ ಕೂರಿಸಿದ ಕಲ್ಲಲ್ಲ. ವರ್ಷಗಟ್ಟಲೆ ಕಿವಿಯಲ್ಲಿ ಇದ್ದದ್ದು."

ನನಗೆ ಆಕೆಯ ಕಾಲಿಗೆ ಬೀಳಬೇಕು ಅನ್ನಿಸಿತು. ಮೇಜಿನ ಅಂಚು ಹಿಡಿದುಕೊಂಡೆ. "ಕೇಳಿದ್ಯಾ? ಆಸ್ಪತ್ರೇಲಿ ಬದಲಾಯಿಸಿದ್ದಲ್ಲ, ಕೇಳಿದ್ಯಾ?" ಅಂದೆ.

ನಾದಿನಿ ಆಕೆಯನ್ನೇ ನೋಡುತ್ತಿದ್ದಳು. "ಎಷ್ಟು ವರ್ಷ ಆಗಿರಬಹುದು ಮೇಡಂ?"

"ಅದನ್ನ ಹೇಳೋಕಾಗಲ್ಲ. ಹತ್ತಿರಬಹುದು, ನಲವತ್ತಿರಬಹುದು."

ಮೆಟ್ಟಿಲಿಳಿದು ರಸ್ತೆಗೆ ಬಂದೆವು. ಹಣ್ಣಿನ ಗಾಡಿಗಳ ಪಕ್ಕದಲ್ಲಿ ನಾದಿನಿ ನಿಂತಳು. ಅವಳ ಕಣ್ಣಲ್ಲಿ ನೀರಿತ್ತು, ಅದು ನನ್ನ ಮೇಲಿನ ಕೋಪವೋ ಅವಳದೇ ಸಂಕಟವೋ ತಿಳಿಯಲಿಲ್ಲ. "ಹತ್ತು ವರ್ಷದ ಹಿಂದೆ ನೀವು ನಮ್ಮನೇಲೇ ಇದ್ರಲ್ಲ ಅತ್ತಿಗೆ. ಗೌರಿ ಹಬ್ಬಕ್ಕೆ ವರ್ಷಾ ವರ್ಷಾ ಆ ಓಲೆನ ಅಂಟುವಾಳದ ನೀರಲ್ಲಿ ತೊಳೀತಿದ್ದದ್ದು ಯಾರು?"

ತೊಳೆಯುತ್ತಿದ್ದವಳು ನಾನೇ. ಅತ್ತೆಗೆ ಆಗ ತಿರುಪು ಕಾಡಿಸುತ್ತಿರಲಿಲ್ಲ, ತಾವೇ ಬಿಚ್ಚಿ ಕೊಡುವರು. ನಾನು ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಉಜ್ಜಿ, ಬಿಸಿಲಿಗೆ ಹಿಡಿದು ತೋರಿಸುತ್ತಿದ್ದೆ. ನನ್ನನ್ನು ಉಳಿಸಿತು ಅಂದುಕೊಂಡ ಮಾತೇ ನನ್ನನ್ನು ಇನ್ನೂ ಆಳಕ್ಕೆ ತಳ್ಳಿತ್ತು. ಈಗ ಒಂದು ತಿಂಗಳ ಕಳ್ಳಿಯಲ್ಲ, ಮದುವೆಯಾಗಿ ಬಂದಾಗಿನಿಂದ ಕಳ್ಳಿ. ಅಲ್ಲೇ, ಬಾಳೆಹಣ್ಣಿನ ಗಾಡಿಯ ಪಕ್ಕ, ನಾನು ಜೋರಾಗಿ ಅತ್ತುಬಿಟ್ಟೆ. ಜನ ನೋಡಿದರು. ನೋಡಲಿ ಅನ್ನಿಸಿತು.

ಆ ವಾರ ಮಾತು ಕಲಿಸುವ ಹುಡುಗಿ ಅತ್ತೆಗೆ ಹೊಸದೊಂದು ಅಭ್ಯಾಸ ಹಚ್ಚಿದ್ದಳು. ತಟ್ಟೆಯ ಮೇಲೆ ಎರಡು ಸಾಮಾನು ಇಡುವುದು, ಬಾಚಣಿಗೆ ಯಾವುದು, ಚಮಚ ಯಾವುದು ಅಂತ ಕೇಳುವುದು. ಅತ್ತೆ ಎಡಗೈಯಿಂದ ತೋರಿಸಬೇಕು. ಮೊದಮೊದಲು ತಪ್ಪುತ್ತಿದ್ದರು. ಆಮೇಲಾಮೇಲೆ ಒಂದು ಸಲವೂ ತಪ್ಪುತ್ತಿರಲಿಲ್ಲ. ಮಜ್ಜಿಗೆ ಲೋಟ ಯಾವುದು, ಕಾಫಿ ಲೋಟ ಯಾವುದು ಅಂದರೆ ಬೇಕಾದ್ದನ್ನು ತೋರಿಸಿ, ಬೇಡದ್ದನ್ನು ಹಿಂದಕ್ಕೆ ತಳ್ಳುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ತಳ್ಳಿದ್ದನ್ನು ನೋಡಿದಾಗ ನನಗೆ ಹೊಳೆಯಿತು. ಬಾಯಿ ಸುಳ್ಳು ಹೇಳುತ್ತಿದೆ, ಕೈ ಹೇಳುತ್ತಿಲ್ಲ.

ಮತ್ತೆ ಫೋನು ಮಾಡಿದೆ. "ಇನ್ನು ಏನ್ ನೋಡೋದಿದೆ ಅತ್ತಿಗೆ?" ಅಂದಳು ನಾದಿನಿ. "ಕಡೇ ಸಲ. ಆಮೇಲೆ ನೀನು ಏನು ಹೇಳಿದ್ರೂ ಕೇಳ್ತೀನಿ, ಮನೆ ಬಿಟ್ಟು ಹೋಗು ಅಂದ್ರೆ ಹೋಗ್ತೀನಿ" ಅಂದೆ. ನಾನು ಹಾಗೆ ಹೇಳುವಾಗ ಗಂಡ ಅಲ್ಲೇ ಇದ್ದರು.

ನಾದಿನಿ ಬಂದು ಕೆಂಪು ದಾರ ಬಿಚ್ಚಿ ಎರಡೂ ಓಲೆಗಳನ್ನು ಸ್ಟೀಲ್ ತಟ್ಟೆಯ ಮೇಲಿಟ್ಟಳು. ಅವೆರಡನ್ನು ನೋಡಿ ನನಗೂ ಯಾವುದು ಯಾವುದು ಅಂತ ಗೊತ್ತಾಗಲಿಲ್ಲ. ತಟ್ಟೆಯನ್ನು ಅತ್ತೆಯ ಎದುರು ಹಿಡಿದಳು.

"ಅವ್ವಾ, ಸುಳ್ಳು ಕಲ್ಲು ಯಾವುದು?"

ಅತ್ತೆ ತಟ್ಟೆಯನ್ನು ನೋಡಿದರು. ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

"ನೋಡಿ, ಅವ್ವಂಗೇನು ಗೊತ್ತು?" ಅಂತ ನಾದಿನಿ ಏಳಲು ಹೋದಳು. ನಾನು ಹಾಸಿಗೆಯ ಪಕ್ಕ ಮಂಡಿಯೂರಿ ಕೂತೆ. ಏನು ಕೇಳಬೇಕು ಅಂತಲೂ ತೋಚಲಿಲ್ಲ. "ಅತ್ತೆ, ನನ್ನನ್ನ ಕಳ್ಳಿ ಅಂತಿದ್ದಾರೆ" ಅಂದೆ, ಅಷ್ಟೇ. ಹಣೆಯನ್ನು ಅವರ ಹಾಸಿಗೆಯ ಅಂಚಿಗೆ ಇಟ್ಟುಬಿಟ್ಟೆ.

ತಟ್ಟೆಯ ಮೇಲೆ ಸಣ್ಣ ಸದ್ದಾಯಿತು. ತಲೆಯೆತ್ತಿದರೆ ಅತ್ತೆಯ ಎಡಗೈ ಒಂದು ಓಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ನಾದಿನಿ ಒಂದೊಂದೇ ಬೆರಳು ಬಿಡಿಸಿ ಅದನ್ನು ತೆಗೆದುಕೊಂಡಳು, ಬಾಯಿಯ ಹತ್ತಿರ ಹಿಡಿದು ಹಬೆ ಬಿಟ್ಟಳು. ಅವಳಿಗೂ ಆ ವಿಷಯ ಗೊತ್ತಿತ್ತು ಅಂತ ನನಗೆ ಆಗಲೇ ತಿಳಿದದ್ದು. ಹಬೆ ಕೂತಿತು. ಹೋಗಲಿಲ್ಲ.

ಅವಳು ಬೆನ್ನು ತಿರುಗಿಸಿ ನಿಂತು ಎರಡನ್ನೂ ಅಂಗೈಯಲ್ಲಿ ಕುಲುಕಿ ಮತ್ತೆ ತಟ್ಟೆಯಲ್ಲಿಟ್ಟಳು. ಅತ್ತೆ ಈ ಸಲ ಕಾಯಲಿಲ್ಲ. ಬೆರಳು ನೇರವಾಗಿ ಹೋಗಿ ಎತ್ತಿಕೊಂಡಿತು. ಮತ್ತೆ ಹಬೆ. ಮತ್ತೆ ಅದೇ. ಓದಿದವರು ಮೈಕ್ರೋಸ್ಕೋಪಿನಲ್ಲಿ ನೋಡಬೇಕಾದದ್ದನ್ನು ಅತ್ತೆ ಬರಿಗಣ್ಣಿನಲ್ಲಿ ಗುರುತಿಸಿದ್ದರು. ಒಂದು ಜನ್ಮವಿಡೀ ದಿನಾ ಕನ್ನಡಿಯಲ್ಲಿ ಅದನ್ನೊಂದನ್ನೇ ನೋಡಿಕೊಂಡು ಬಂದಿದ್ದರು ಅಂತ ಕಾಣುತ್ತೆ.

"ಅವ್ವಾ," ನಾದಿನಿ ಹತ್ತಿರ ಬಾಗಿದಳು, "ಅತ್ತಿಗೆ ತೆಗೆದ್ರಾ?"

ಈ ಸಲ ಹೂಂ ಬರಲಿಲ್ಲ. ಅತ್ತೆ ಓಲೆ ಹಿಡಿದ ಮುಷ್ಟಿಯಿಂದ ತಮ್ಮ ಎದೆಗೆ ಹೊಡೆದುಕೊಂಡರು. ಒಂದು ಸಲ, ಇನ್ನೊಂದು ಸಲ. ನನ್ನ ಗಂಡ ಬಾಗಿಲಿನಿಂದ ಓಡಿ ಬಂದು ಕೈ ಹಿಡಿದರು. "ನೀನಾ ಅವ್ವಾ? ನೀನೇನಾ?" ಅಂದರು. ಮುಷ್ಟಿ ಎದೆಯ ಮೇಲೇ ನಿಂತಿತು.

"ನೀರು," ಅಂದರು ಅತ್ತೆ. ನಾನು ಲೋಟ ತಂದೆ. ತಳ್ಳಿಬಿಟ್ಟರು. "ನೀರು. ನೀರು." ನಮ್ಮನ್ನೆಲ್ಲ ನೋಡುತ್ತಾ, ಅರ್ಥ ಮಾಡಿಕೊಳ್ಳಿ ಅನ್ನುವ ಹಾಗೆ, ಮತ್ತೆ ಮತ್ತೆ ಅದನ್ನೇ ಅಂದರು. ಎಲ್ಲೋ ಹೊಳೆಯಲ್ಲಿ ಮುಳುಗು ಹಾಕುವಾಗ ಒಂದು ಓಲೆ ಹೋಗಿ, ಮನೆಯವರಿಗೆ ಹೆದರಿ ಜೊತೆಯದನ್ನು ಗುಟ್ಟಾಗಿ ಮಾಡಿಸಿಕೊಂಡಿದ್ದಿರಬಹುದು. ಇಲ್ಲ, ಬಾಯಿಗೆ ಬರುವ ಮಾತು ಅದೊಂದೇ ಆದದ್ದರಿಂದ ಅದನ್ನೇ ಅಂದಿರಬಹುದು. ನಮಗೆ ಗೊತ್ತಾಗಲಿಲ್ಲ. ಅವರಿಗೆ ಆಮೇಲೂ ಮಾತು ಬರಲಿಲ್ಲ, ಆ ಮಳೆಗಾಲದಲ್ಲಿ ಹೊರಟುಹೋದರು.

ನಾದಿನಿ ಆ ಮಧ್ಯಾಹ್ನ ತಾಯಿಯ ಕಾಲ ಮೇಲೆ ತಲೆಯಿಟ್ಟು ಅತ್ತಳು. ನನ್ನ ಹತ್ತಿರ ತಪ್ಪಾಯಿತು ಅನ್ನಲಿಲ್ಲ. ಆದರೆ ಮಾರನೇ ದಿನ ಬೆಳಿಗ್ಗೆ ಬಂದು ಹೊಲಿಗೆ ಕೋಣೆಯಲ್ಲಿ ನೆಲದ ಮೇಲೆ ಕೂತಳು. ನಾನು ಹೊಲಿದಿಟ್ಟಿದ್ದ ರವಿಕೆಗಳಿಂದ ಕಚ್ಚಾ ಹೊಲಿಗೆಯ ದಾರ ಕೀಳತೊಡಗಿದಳು. ತಲೆಯೆತ್ತದೆ, "ನಿಮ್ಮಣ್ಣನ ಗೃಹಪ್ರವೇಶಕ್ಕೆ ನಾನೂ ಬರ್ಲಾ ಅತ್ತಿಗೆ?" ಅಂದಳು.

ನಾನು ಮಿಷಿನ್ ನಿಲ್ಲಿಸಲಿಲ್ಲ. ಒಂದು ತೋಳು ಪೂರ್ತಿ ಮುಗಿಸಿದ ಮೇಲೆ, "ಬಾ" ಅಂದೆ.

ಓಲೆಗಳನ್ನು ಅತ್ತೆಗೇ ಹಾಕಿದೆವು. ಅವರು ಹೋದ ಮೇಲೆ ಮೊಮ್ಮಗಳು ಎರಡನ್ನೂ ಇದ್ದ ಹಾಗೇ ತೆಗೆದುಕೊಂಡಳು, ಕಲ್ಲು ಬದಲಾಯಿಸಲು ಬಿಡಲಿಲ್ಲ. ಮುಂದಕ್ಕೆ ಹೋಗಿದ್ದ ಮದುವೆ ನಡೆದಾಗ ಅವಳು ಅವನ್ನೇ ಹಾಕಿಕೊಂಡು ಹಸೆಮಣೆಯ ಮೇಲೆ ಕೂತಿದ್ದಳು.

ಆ ಮದುವೆಯಿಂದ ಬರುವಾಗ ಕಾರಿನಲ್ಲಿ ನನ್ನ ಗಂಡ, "ನಾನೇನು ನಿನ್ನ ಮೇಲೆ ಅನುಮಾನ ಪಟ್ಟಿದ್ನಾ?" ಅಂದರು. ಯಾಕೆ ಆಗ ಅದನ್ನು ಎತ್ತಿದರೋ. ನಾನು ಹಿಂದಿನ ಸೀಟಿನಲ್ಲಿ ತಾಂಬೂಲದ ಚೀಲಗಳ ನಡುವೆ ಕೂತಿದ್ದೆ.

"ಇಲ್ಲ ಅಂತ ಒಂದು ಸಲನಾದ್ರೂ ಹೇಳಿದ್ರಾ?" ಅಂದೆ.

ಅವರು ರಸ್ತೆಯನ್ನೇ ನೋಡುತ್ತಾ ಕಾರು ಓಡಿಸಿದರು. ಮನೆ ಬಂತು. ಗೇಟು ತೆಗೆಯಲು ನಾನೇ ಇಳಿದೆ.